ಘಟ್ಟ ಇಳಿಸಿದವರ ಹೆಸರು ಯಾವ ಪಟ್ಟಿಯಲ್ಲಿದೆ?

ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಬೆಟ್ಟಸೀಮೆಯಲ್ಲಿ ಹುಡುಗನೊಬ್ಬ ಸೇನೆಗೆ ಆಯ್ಕೆಯಾದನೆಂದರೆ ಜನ ಮೊದಲು ಕೇಳುವುದು, ‘ಜಿ.ಡಿ.ಯೋ, ಟ್ರೇಡೋ?’ ಜಿ.ಡಿ. ಅಂದರೆ ಜನರಲ್ ಡ್ಯೂಟಿ, ಕೋವಿ ಹಿಡಿಯುವ ಸಿಪಾಯಿ. ಟ್ರೇಡ್ ಅಂದರೆ ಟ್ರೇಡ್ಸ್‌ಮನ್: ಅಡುಗೆ, ಬಟ್ಟೆ ಒಗೆತ, ಕ್ಷೌರ, ಹೊಲಿಗೆ, ಮೆಸ್ಸು ನೋಡಿಕೊಳ್ಳುವ ಕೆಲಸ. ಜಿ.ಡಿ. ಆದರೆ ಬಸ್‌ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಕಟ್ಟುತ್ತಾರೆ. ಟ್ರೇಡ್ ಆದರೆ ಅವನ ಅಪ್ಪ ‘ಮಿಲ್ಟ್ರೀಲವ್ನೆ’ ಎಂದಷ್ಟೇ ಹೇಳಿ ಮಾತು ಬೇರೆ ಕಡೆಗೆ ತಿರುಗಿಸುತ್ತಾನೆ. ಬೆನ್ನ ಹಿಂದೆ ಆಡುವವರು ಆಡಿಯೇ ಆಡುತ್ತಾರೆ: ‘ಕೋವಿ ಹಿಡಿಯಾಕಲ್ಲ ಕನಪ್ಪ, ಸೌಟು ಹಿಡಿಯಾಕೆ ಹೋಗಿರಾದು.’

ಈ ಮಾತಿಗೆ ಜೋಡಿಯಾಗಿ ಇನ್ನೊಂದು ಮಾತಿದೆ. ಸೈನ್ಯ ನಮ್ಮ ಕುಲಕ್ಕೆ ಬಂದದ್ದಲ್ಲ, ಅದು ಕೊಡಗಿನವರ ರಕ್ತದಲ್ಲಿದೆ, ಪಂಜಾಬಿನವರ ರಕ್ತದಲ್ಲಿದೆ. ಮದ್ರಾಸ್ ರೆಜಿಮೆಂಟು ಏನಿದ್ದರೂ ತಮಿಳರದು. ಜಿಲ್ಲೆ ಈರೋಡು, ಮನೆಮಾತು ಕನ್ನಡ ಎಂಬ ನಮ್ಮಂಥವರಿಗೆ ಅಲ್ಲಿ ಅಜ್ಜನೂ ಇಲ್ಲ, ಮುತ್ತಜ್ಜನೂ ಇಲ್ಲ. ಓದಿದವರೂ ಹೀಗೇ ಹೇಳುತ್ತಾರೆ. ಕನ್ನಡ ಪತ್ರಿಕೆಗಳ ಸೇನಾ ವಿಶೇಷಾಂಕಗಳೂ ಬಹುಮಟ್ಟಿಗೆ ಇದನ್ನೇ ಬರೆಯುತ್ತವೆ. ಈ ಎರಡು ಮಾತುಗಳನ್ನೂ ನಾನು ಪೂರ್ತಿ ತಿರಸ್ಕರಿಸುತ್ತೇನೆ. ಸೇನೆಯ ದಳಗಳ ವಂಶ ರಕ್ತದಲ್ಲಿ ಹರಿದು ಬಂದದ್ದಲ್ಲ, ಕೆಲಸದಲ್ಲಿ ಬಂದದ್ದು. ಆ ಕೆಲಸದ ವಂಶದಲ್ಲಿ ಈ ಬೆಟ್ಟಸೀಮೆಗೆ ಇರುವ ಹಕ್ಕು ಯಾರಿಗಿಂತಲೂ ಕಡಿಮೆಯಲ್ಲ.

ಮೊದಲು ರಕ್ತದ ಮಾತನ್ನೇ ನೋಡೋಣ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1760ರ ದಶಕದ ಆರಂಭದಲ್ಲಿ ನಮ್ಮ ದಕ್ಷಿಣದಲ್ಲಿ ಕಟ್ಟಿದ ಕರಾವಳಿ ಸಿಪಾಯಿಗಳ ಬೆಟಾಲಿಯನ್ನುಗಳು ಮುಂದೆ 7ನೇ ಮದ್ರಾಸ್, 9ನೇ ಮದ್ರಾಸ್ ಪದಾತಿ ದಳಗಳಾದವು. 1903ರಲ್ಲಿ ಸೇನಾಪತಿ ಕಿಚನರ್ ಇಡೀ ಭಾರತೀಯ ಸೇನೆಗೆ ಹೊಸದಾಗಿ ಸಂಖ್ಯೆ ಹಾಕಿದಾಗ ಮದ್ರಾಸಿನ ದಳಗಳ ಸಂಖ್ಯೆಗೆ ಅರವತ್ತು ಕೂಡಿಸಿದ. 7 ಹೋಗಿ 67 ಆಯಿತು, 9 ಹೋಗಿ 69 ಆಯಿತು. ಹೆಸರು ಮಾತ್ರ ಮದ್ರಾಸ್ ಎಂದು ಉಳಿಯಲಿಲ್ಲ: 67ನೇ ಪಂಜಾಬೀಸ್, 69ನೇ ಪಂಜಾಬೀಸ್. ದಕ್ಷಿಣದ ಸಿಪಾಯಿಗಳ ಜಾಗಕ್ಕೆ ಉತ್ತರದವರನ್ನು ತುಂಬಿದರು. ಬಾವುಟ ಅದೇ, ದಾಖಲೆ ಅದೇ, ಯುದ್ಧಗೌರವಗಳ ಪಟ್ಟಿ ಅದೇ. ಟಿಪ್ಪುವಿನ ಮೇಲಿನ ಯುದ್ಧಕ್ಕೆ ಕೊಟ್ಟ ‘ಮೈಸೂರು’ ಎಂಬ ಗೌರವ ಹೀಗೆ ಪಂಜಾಬ್ ರೆಜಿಮೆಂಟಿನ ಪರಂಪರೆಯೊಳಗೆ ಸೇರಿತು. ಆ ಗೌರವವನ್ನು ದುಡಿದವರ ಮೊಮ್ಮಕ್ಕಳಿಗೆ ಆ ದಳದಲ್ಲಿ ಜಾಗವಿಲ್ಲ, ಜಾಗ ಪಡೆದವರ ಅಜ್ಜಂದಿರು ಆ ಯುದ್ಧದಲ್ಲಿ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ, ಭಾರತೀಯರನ್ನೇ ಸೋಲಿಸಿ ಪಡೆದ ಇಂಥ ಗೌರವಗಳನ್ನು ಆಚರಿಸಬಾರದೆಂದು ನಮ್ಮ ಸೇನೆಯೇ ತೀರ್ಮಾನಿಸಿತು. ಅದು ಸರಿಯಾದ ತೀರ್ಮಾನ.

ಮೈಸೂರಿನದೇ ದಳಗಳ ಕಥೆಯೂ ಹೀಗೇ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣವನ್ನು ಗೆದ್ದ ಮೈಸೂರ್ ಲ್ಯಾನ್ಸರ್ಸ್ 1953ರಲ್ಲಿ ಬೇರೆ ಸಂಸ್ಥಾನಗಳ ಅಶ್ವದಳಗಳೊಂದಿಗೆ ಸೇರಿ 61ನೇ ಅಶ್ವದಳವಾಯಿತು. ಇವತ್ತು ಅದರ ಸವಾರರು ಹೆಚ್ಚಾಗಿ ರಜಪೂತರು, ಮರಾಠರು, ಕಾಯಂಖಾನಿಗಳು. ಮೈಸೂರಿನ ಪದಾತಿ ದಳ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. 1776ರಷ್ಟು ಹಳೆಯ ಮೂಲವುಳ್ಳ 1ನೇ ಮದ್ರಾಸ್ ಬೆಟಾಲಿಯನ್ 1979ರಲ್ಲಿ ಮದ್ರಾಸ್ ರೆಜಿಮೆಂಟನ್ನೇ ಬಿಟ್ಟು ಯಾಂತ್ರೀಕೃತ ಪದಾತಿ ರೆಜಿಮೆಂಟಿನ ಮೊದಲ ಬೆಟಾಲಿಯನ್ ಆಯಿತು. 1799ರಲ್ಲಿ ಕೊಯಮತ್ತೂರು ಸೀಮೆ ಕಂಪನಿಯ ಕೈಗೆ ಹೋದಾಗ ನಮ್ಮ ಹಳ್ಳಿಗಳು ಮದ್ರಾಸಿನ ಲೆಕ್ಕಕ್ಕೆ ಸೇರಿದವು, ಗಡಿಯಾಚೆಯ ಚಾಮರಾಜನಗರದ ಹಳ್ಳಿಗಳು ಮೈಸೂರಿನ ಲೆಕ್ಕದಲ್ಲಿ ಉಳಿದವು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಇಲ್ಲೇ ಉಳಿಯಿತು. ಈಗ ಎರಡೂ ಕಡೆಯ ಹುಡುಗರು ವೆಲ್ಲಿಂಗ್ಟನ್ನಿನ ಒಂದೇ ಮೈದಾನದಲ್ಲಿ ಒಂದೇ ರೆಜಿಮೆಂಟಿನ ಬಾವುಟಕ್ಕೆ ಸೆಲ್ಯೂಟ್ ಹೊಡೆಯುತ್ತಾರೆ. ಕಚೇರಿಯ ಆಜ್ಞೆಯೊಂದು ಹೊರಟರೆ ಬದಲಾಗುವ ಈ ವಂಶಾವಳಿಯನ್ನು ರಕ್ತ ಎಂದು ಯಾರೂ ಕರೆಯಬಾರದು.

‘ಹಾಗಾದರೆ ಕೊಡಗು?’ ಎಂದು ಕೇಳುವವರಿಗೆ ಉತ್ತರ ಹೇಳಲೇಬೇಕು. ಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಕಾರ್ಯಪ್ಪ, ತಿಮ್ಮಯ್ಯ ಇಬ್ಬರ ಬಗ್ಗೆಯೂ ನನಗಿರುವ ಗೌರವ ದೊಡ್ಡದು. ಆದರೆ ಚರಿತ್ರೆ ಏನು ಹೇಳುತ್ತದೆ? 11ನೇ ಮದ್ರಾಸ್ ದಳವನ್ನು ಮಾರ್ಪಡಿಸಿ 71ನೇ ಕೂರ್ಗ್ ರೈಫಲ್ಸ್ ಎಂದು ಮಾಡಿದರು. ಸಾಕಷ್ಟು ಜನ ಸೇರಲಿಲ್ಲವೆಂದು 1904ರಲ್ಲಿ ಅದನ್ನು ವಿಸರ್ಜಿಸಿದರು. ಮತ್ತೆ ಕೊಡಗಿನ ಹೆಸರಿನ ರೆಜಿಮೆಂಟು ಹುಟ್ಟಿದ್ದು 1942ರಲ್ಲಿ, ಅದೂ ಬೇಗನೆ ಟ್ಯಾಂಕ್ ನಿರೋಧಕ ಫಿರಂಗಿ ದಳವಾಯಿತು. 1904ರಲ್ಲಿ ಇಲ್ಲದ ರಕ್ತ 1942ರಲ್ಲಿ ಹರಿಯತೊಡಗಿತೇ? ಕೊಡಗಿನವರು ಸೇನೆಯಲ್ಲಿ ಮೇಲೆ ಬಂದದ್ದು ಓದಿನಿಂದ, ಒಬ್ಬರ ಹಿಂದೆ ಒಬ್ಬರು ಹೋಗುವ ಧೈರ್ಯದಿಂದ, ಮನೆಯವರು ಕೊಟ್ಟ ಮರ್ಯಾದೆಯಿಂದ. ಆ ಮೂರನ್ನೂ ಯಾವ ಊರಾದರೂ ಬೆಳೆಸಿಕೊಳ್ಳಬಹುದು. ಸೈನ್ಯದಲ್ಲಿ ಜಾತಿ, ಪ್ರಾಂತ್ಯದ ಭೇದ ಬೇಡವೆಂದು 1949ರಲ್ಲಿ ಎಲ್ಲ ಕಡೆಯವರೂ ಸೇರಿದ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಕಟ್ಟಿಸಿದವರು ಸ್ವತಃ ಕಾರ್ಯಪ್ಪನವರೇ. ಅವರ ಹೆಸರು ಹೇಳಿಕೊಂಡೇ ರಕ್ತದ ಮಾತಾಡುವವರು ಅವರ ಈ ಕೆಲಸವನ್ನು ಮರೆತಿದ್ದಾರೆ.

ದಕ್ಷಿಣದವರು ಸೈನಿಕರಲ್ಲ ಎಂಬ ಮಾತಿಗೆ ಒಬ್ಬ ಅಪ್ಪ ಇದ್ದಾನೆ, ಅವನ ಹೆಸರೂ ಗೊತ್ತು. 1881ರಿಂದ 1885ರ ತನಕ ಮದ್ರಾಸ್ ಸೇನೆಯ ಮುಖ್ಯಸ್ಥನಾಗಿದ್ದು, ಆಮೇಲೆ ಇಡೀ ಭಾರತದ ಸೇನಾಪತಿಯಾದ ಫ್ರೆಡರಿಕ್ ರಾಬರ್ಟ್ಸ್. ಇವರಲ್ಲಿ ಹಳೆಯ ಯುದ್ಧಗುಣ ಸತ್ತುಹೋಗಿದೆ ಎಂದು ಅವನು ತೀರ್ಮಾನಿಸಿದ, 1897ರ ತನ್ನ ಆತ್ಮಕಥೆಯಲ್ಲಿ ಬರೆದೂ ಇಟ್ಟ. ಅವನ ಕಾಲದಿಂದ ದಕ್ಷಿಣದ ದಳಗಳಿಗೆ ಕತ್ತರಿ ಬಿದ್ದಿತು. 1922ರಲ್ಲಿ ಅಳಿದುಳಿದ ದಳಗಳನ್ನು ಸೇರಿಸಿ 3ನೇ ಮದ್ರಾಸ್ ರೆಜಿಮೆಂಟ್ ಮಾಡಿದರು, 1928ರ ಹೊತ್ತಿಗೆ ಅದರ ಖಾಯಂ ಬೆಟಾಲಿಯನ್ನುಗಳೆಲ್ಲ ಮುಚ್ಚಿದವು. ಎರಡನೇ ಮಹಾಯುದ್ಧ ಮೈಮೇಲೆ ಬಂದಾಗ, 1941–42ರಲ್ಲಿ, ಯುದ್ಧಗುಣ ಸತ್ತಿದ್ದ ಇದೇ ಜನರನ್ನು ಮತ್ತೆ ಕರೆದರು, ಬರ್ಮಾದ ಕಾಡಿಗೆ ಕಳುಹಿಸಿದರು. ಗುಣ ಎಲ್ಲಿಗೂ ಹೋಗಿರಲಿಲ್ಲ. ಅಗತ್ಯ ಬಂದಿತ್ತು, ಅಷ್ಟೇ. ಒಬ್ಬ ಬಿಳಿಯ ಸೇನಾಪತಿ ತನ್ನ ಆಡಳಿತದ ಅನುಕೂಲಕ್ಕೆ ಮಾಡಿದ ವಿಂಗಡಣೆಯನ್ನು ನಾವು ನೂರು ವರ್ಷದಿಂದ ನಮ್ಮದೇ ಸ್ವಭಾವ ಎಂಬಂತೆ ನಂಬಿಕೊಂಡು ಬಂದಿರುವುದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಈಗ ಕೋವಿ ಮತ್ತು ಸೌಟಿನ ಮಾತು. ಇದೇ ಈ ಲೇಖನದ ಹೃದಯ.

ನಮ್ಮ ತಲಮಲೆಯ ಕಡೆಯಿಂದ ಮೋಯಾರ್ ಕಣಿವೆಗೆ ಇಳಿಯುವ ಗಜ್ಜಲಹಟ್ಟಿ ಘಟ್ಟ ಮೈಸೂರಿಗೂ ಕೊಯಮತ್ತೂರಿಗೂ ನಡುವಿನ ಹಳೆಯ ದಂಡಿನ ದಾರಿ. 1790ರಲ್ಲಿ ಕಂಪನಿಯ ಜನರಲ್ ಮೆಡೋಸ್ ಕೊಯಮತ್ತೂರು ಸೀಮೆಯನ್ನು ಹಿಡಿದು, ಕರ್ನಲ್ ಫ್ಲಾಯ್ಡನನ್ನು ಸತ್ಯಮಂಗಲದಲ್ಲಿ ಕೂರಿಸಿ, ಈ ಘಟ್ಟ ಹತ್ತಿ ಮೈಸೂರಿಗೆ ನುಗ್ಗುವ ಲೆಕ್ಕ ಹಾಕಿದ್ದ. ಅವನು ಹತ್ತುವ ಮೊದಲೇ ಸೆಪ್ಟೆಂಬರ್ ತಿಂಗಳಲ್ಲಿ ಟಿಪ್ಪು ಫಿರಂಗಿಗಳ ಸಮೇತ ಅದೇ ಘಟ್ಟ ಇಳಿದು ಬಂದ. 13ನೇ ತಾರೀಖು ಸತ್ಯಮಂಗಲದ ಸುತ್ತ ಕಾದಾಟವಾಯಿತು. ಫ್ಲಾಯ್ಡ್ ಹಿಮ್ಮೆಟ್ಟಿದ. ಎಳೆಯುವ ಎತ್ತುಗಳು ಸತ್ತಿದ್ದರಿಂದ ಕೆಲವು ಫಿರಂಗಿಗಳನ್ನು ಅಲ್ಲೇ ಬಿಟ್ಟು ಹೊರಟ.

ಈ ಘಟನೆಯನ್ನು ಓದುವವರೆಲ್ಲ ಟಿಪ್ಪುವಿನ ಚಾಣಾಕ್ಷತನ, ಫ್ಲಾಯ್ಡನ ಸಂಯಮ ಎಂದು ಚರ್ಚಿಸುತ್ತಾರೆ. ನಾನು ಕೇಳುವುದು ಬೇರೆ. ಆ ಕಡಿದಾದ ಇಳಿಜಾರಿನಲ್ಲಿ ಫಿರಂಗಿಯನ್ನು ಹಗ್ಗ ಕಟ್ಟಿ ತಡೆದು ಇಳಿಸಿದವರು ಯಾರು? ದಾರಿಗೆ ಅಡ್ಡ ಬಂದ ಬಿದಿರು ಕಡಿದವರು, ಬಂಡೆ ಸರಿಸಿದವರು, ಎತ್ತಿಗೆ ಮೇವು ಹೊತ್ತವರು, ರಾತ್ರಿ ತಂಗಿದ ಕಡೆ ಅಷ್ಟು ಸಾವಿರ ಹೊಟ್ಟೆಗೆ ಬೇಯಿಸಿ ಹಾಕಿದವರು ಯಾರು? ಘಟ್ಟದಲ್ಲಿ ಕೋವಿಯವನು ಗೆಲ್ಲುವುದು ಅವರು ಇಳಿಸಿಕೊಟ್ಟ ಮೇಲೆ. ಯಾವ ಯುದ್ಧಗೌರವದ ಪಟ್ಟಿಯಲ್ಲೂ ಅವರ ದಳದ ಹೆಸರಿಲ್ಲ.

ಎತ್ತಿನ ಮಾತು ಬಂದದ್ದರಿಂದ ಒಂದಿಷ್ಟು ನಿಂತು ಹೇಳುತ್ತೇನೆ, ಮೈಸೂರಿನ ಸೈನ್ಯದ ಗುಟ್ಟು ಅಲ್ಲೇ ಇರುವುದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದ ದನಗಳ ಇಲಾಖೆಯನ್ನು ಹೈದರ್ ಯುದ್ಧಕ್ಕೆ ಹದಗೊಳಿಸಿದ, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಆ ಎತ್ತುಗಳ ಬಲದಿಂದ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರ ತಲುಪಿತೆಂದು ಹಳಬರು ಬರೆದಿದ್ದಾರೆ. ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1791ರ ಮೇ 15ರಂದು ಅರಕೆರೆಯ ಯುದ್ಧ ಗೆದ್ದ, ಶ್ರೀರಂಗಪಟ್ಟಣ ಕಣ್ಣೆದುರಿಗೇ ಇತ್ತು. ಆದರೆ ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು, ದವಸ ಮುಗಿದಿತ್ತು. ಕೋಟೆ ಒಡೆಯಲು ತಂದ ಭಾರಿ ಫಿರಂಗಿಗಳನ್ನು ತನ್ನ ಕೈಯಾರೆ ನಾಶ ಮಾಡಿ ಬೆಂಗಳೂರಿಗೆ ಹಿಂತಿರುಗಿದ. ಮರುವರ್ಷ ಅವನು ಗೆದ್ದು ಸಂಧಿ ಬರೆಸಿಕೊಂಡದ್ದಕ್ಕೆ ಹಿಂದಿನಿಂದ ದವಸ ಹೊತ್ತು ತಂದ ಲಂಬಾಣಿಗಳ ಸಾವಿರಾರು ಎತ್ತುಗಳು ಕಾರಣ. 1799ರ ನಂತರ ಮೈಸೂರಿನ ಅದೇ ಎತ್ತುಗಳು ಕಂಪನಿಯ ಸೇನಾನಿ ವೆಲ್ಲೆಸ್ಲಿಯ ಫಿರಂಗಿ ಎಳೆದು ಮರಾಠರ ಮೇಲೆ ಹೋದವು. ಕಾವಲುಗಳಲ್ಲಿ ಆ ದನ ಸಾಕಿದ ಸೇರ್ವೆಗಾರನನ್ನು, ಮೂಟೆ ಹೇರಿದ ಲಂಬಾಣಿಯನ್ನು ಸೈನಿಕ ಎಂದು ಕರೆಯದೆ ಮೈಸೂರು ಯುದ್ಧಗಳ ಚರಿತ್ರೆ ಬರೆಯುವುದು ಸುಳ್ಳು ಬರೆದಂತೆ. ನಮ್ಮದೇ ಜಿಲ್ಲೆಯ ಬರಗೂರು ಬೆಟ್ಟದಲ್ಲಿ ಇವತ್ತಿಗೂ ಕನ್ನಡದ ದನಗಾಹಿಗಳು ಓಟಕ್ಕೆ ಹೆಸರಾದ ತಳಿಯನ್ನು ದೊಡ್ಡಿಗಳಲ್ಲಿ ಸಾಕುತ್ತಿದ್ದಾರೆ. ಬೆಟ್ಟದ ದನಗಾಹಿಗೆ ಆ ಕೆಲಸದ ಬೆಲೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಇನ್ನು ದಳಗಳ ವಂಶಾವಳಿಯಲ್ಲೇ ಒಂದು ಸತ್ಯ ಎದ್ದು ಕಾಣುತ್ತದೆ. 1780ರಲ್ಲಿ ಮೂರ್‌ಹೌಸ್ ಎಂಬ ಫಿರಂಗಿ ದಳದ ಅಧಿಕಾರಿ ಮದ್ರಾಸಿನಲ್ಲಿ ಪಯೊನಿಯರುಗಳ ಎರಡು ಕಂಪನಿ ಕಟ್ಟಿದ. ಗುದ್ದಲಿ, ಸಲಿಕೆ, ಕೊಡಲಿ ಅವರ ಆಯುಧ. ದಾರಿ ಮಾಡುವುದು, ಕಂದಕ ತೋಡುವುದು ಅವರ ಕೆಲಸ. 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆಯ ಬಾಗಿಲಿನಲ್ಲಿ ಮೂರ್‌ಹೌಸ್ ಸತ್ತ, ಅವನು ಕಟ್ಟಿದ ದಳ ಉಳಿಯಿತು. 1831ರಲ್ಲಿ ಅದು ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಆಯಿತು, 1834ರಲ್ಲಿ ಬೆಂಗಳೂರಿಗೆ ಬಂದು ಹಲಸೂರು ಕೆರೆಯ ಬಳಿ ನೆಲೆಯೂರಿತು. ಇವತ್ತಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಅದೇ. ರಾಬರ್ಟ್ಸನ ಕತ್ತರಿ, ಕಿಚನರನ ಸಂಖ್ಯೆ, 1928ರ ಬೀಗಮುದ್ರೆ ಯಾವುದೂ ಅದನ್ನು ಮುಚ್ಚಲಿಲ್ಲ. ಮದ್ರಾಸ್ ಸೇನೆಯ ಗುಂಡು ಹೊಡೆಯುವ ದಳಗಳು ಅಳಿದಾಗಲೂ ನೆಲ ಅಗೆಯುವ ದಳ ಉಳಿಯಿತು. ಮದ್ರಾಸ್ ಸೇನೆಯಿಂದ ನಡುವೆ ಕಡಿಯದೆ ಬಂದ ಪರಂಪರೆ ಈ ಕೆಲಸಗಾರರದು. ಅದಕ್ಕೆ ಸೇರಿದವರಲ್ಲಿ ಮೇಲ್ಜಾತಿಯವರು ಹತ್ತಿರ ಬಿಟ್ಟುಕೊಳ್ಳದ ಜನ ಬಹಳ ಇದ್ದರು. 1944ರ ಫೆಬ್ರವರಿ 24ರಂದು ಇಟಲಿಯಲ್ಲಿ ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾನೇ ಬಿದ್ದು ಜೊತೆಗಾರರನ್ನು ಉಳಿಸಿ, ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯನೆನಿಸಿದ ಸುಬೇದಾರ್ ಸುಬ್ರಮಣಿಯನ್ ಈ ದಳದವನು.

ಮೊದಲ ಮಹಾಯುದ್ಧಕ್ಕೆ ಭಾರತದಿಂದ ಸೇರಿದ ಸುಮಾರು 14 ಲಕ್ಷ ಮಂದಿಯಲ್ಲಿ ಐದೂವರೆ ಲಕ್ಷದಷ್ಟು ಜನ ಕೋವಿ ಹಿಡಿಯದವರು. ಹೇಸರಗತ್ತೆ ನಡೆಸುವವರು, ಡೋಲಿ ಹೊರುವವರು, ನೀರು ಹೊರುವವರು, ಕಕ್ಕಸು ತೊಳೆಯುವವರು, ಬಂದರಿನಲ್ಲಿ ಮೂಟೆ ಇಳಿಸುವವರು. ಇವರನ್ನು ಫಾಲೋಯರ್ಸ್ ಎಂದು ಬೇರೆ ಪಟ್ಟಿಯಲ್ಲಿ ಬರೆದು ಕಡಿಮೆ ಸಂಬಳ ಕೊಟ್ಟರು. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು, ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಬರೀ ಸಂಖ್ಯೆಯಲ್ಲಿ ಮುಗಿಸಿದರು. ಅಂಥ ಸ್ಮರಣೆ ತಾರತಮ್ಯದ್ದಾಗಿತ್ತೆಂದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ನೂರು ವರ್ಷದ ಮೇಲೆ ಅವರಿಗಾದರೂ ಅರಿವಾಯಿತು. ನಮ್ಮ ಜಗಲಿಗಳಲ್ಲಿ ಆ ತಾರತಮ್ಯ ಇನ್ನೂ ಕುಳಿತೇ ಇದೆ.

ಏಕೆ ಕುಳಿತಿದೆ? ಇಲ್ಲಿ ಸುತ್ತಿ ಬಳಸಿ ಹೇಳುವುದು ಬೇಡ. ಸೌಟು, ಬಟ್ಟೆ, ಕ್ಷೌರದ ಕತ್ತಿ, ಪೊರಕೆ ಎಂದರೆ ನಮ್ಮ ಊರುಗಳಲ್ಲಿ ಜಾತಿ. ಟ್ರೇಡ್ಸ್‌ಮನ್ ಹುಡುಗನನ್ನು ಹೀಗಳೆಯುವವನಿಗೆ ಸೇನೆಯ ಬಗ್ಗೆ ಏನೂ ಗೊತ್ತಿರುವುದಿಲ್ಲ, ಯಾವ ಕೇರಿಯವರು ಯಾವ ಕೆಲಸ ಮಾಡಬೇಕೆಂಬುದು ಮಾತ್ರ ಚೆನ್ನಾಗಿ ಗೊತ್ತಿರುತ್ತದೆ. ಬೇರೆ ಜಾತಿಯ ಹುಡುಗ ಸೇನೆಯ ಹೌಸ್‌ಕೀಪರ್ ಆದರೆ ಅವಮಾನ. ಆ ಕೆಲಸಕ್ಕೇ ಹುಟ್ಟಿದ್ದಾನೆಂದು ಊರು ತೀರ್ಮಾನಿಸಿದ ಕೇರಿಯವನು ಆದರೆ ಅದರಲ್ಲೇನು ವಿಶೇಷ ಎನ್ನುತ್ತಾರೆ. ಎರಡೂ ಒಂದೇ ರೋಗ.

ಸೇನೆಯೂ ಈ ರೋಗದಿಂದ ಪೂರ್ತಿ ಪಾರಾಗಿಲ್ಲ ಎಂಬುದನ್ನು ಮುಚ್ಚಿಡಲಾರೆ. ಒಂದು ಕಾಲಕ್ಕೆ ಸಿಪಾಯಿಗಳ ಸಂಬಳ ಎಕ್ಸ್, ವೈ, ಝಡ್ ಎಂಬ ಮೂರು ಗುಂಪಿನಲ್ಲಿತ್ತು, ಟ್ರೇಡ್ಸ್‌ಮನ್‌ಗಳು ಕೊನೆಯ ಗುಂಪಿನಲ್ಲಿದ್ದರು. ಆರನೇ ವೇತನ ಆಯೋಗದ ಹೊತ್ತಿಗೆ ಝಡ್ ಗುಂಪು ವೈ ಗುಂಪಿನಲ್ಲಿ ವಿಲೀನವಾಯಿತು. ಕೆಲವು ರೆಜಿಮೆಂಟುಗಳಲ್ಲಿ ಜಾತಿ, ಪ್ರಾಂತ್ಯ ನೋಡಿ ಸೇರಿಸಿಕೊಳ್ಳುವ ಪದ್ಧತಿಯನ್ನು ಸೇನೆ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸಮರ್ಥಿಸಿಕೊಂಡಿತು: ಭಾಷೆ, ಸಂಸ್ಕೃತಿ ಒಂದೇ ಆಗಿದ್ದರೆ ಯುದ್ಧದಲ್ಲಿ ಒಗ್ಗಟ್ಟು ಹೆಚ್ಚು ಎಂಬುದು ಅದರ ವಾದ. ಈ ವಾದವನ್ನು ಸುಳ್ಳು ಮಾಡಲು ಬೇರೆ ಸಾಕ್ಷಿ ಬೇಕಿಲ್ಲ, ಕನ್ನಡ, ತಮಿಳು, ತೆಲುಗು, ಮಲಯಾಳ ನಾಲ್ಕೂ ಮಾತಾಡುವ ಮದ್ರಾಸ್ ರೆಜಿಮೆಂಟೇ ಸಾಕು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಮಂದಿಯನ್ನು ಹುಗಿದುಹಾಕಿತು. ಅದು 19ನೇ ಮದ್ರಾಸ್ ಬೆಟಾಲಿಯನ್‌ನ ಠಾಣೆ. ಆರು ದಿನ ಹಿಮದಡಿ ಬದುಕಿದ್ದು, ಫೆಬ್ರವರಿ 11ರಂದು ದೆಹಲಿಯಲ್ಲಿ ಪ್ರಾಣಬಿಟ್ಟ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡಿಗರೆಲ್ಲ ಬಲ್ಲರು. ಜೊತೆಗಿದ್ದ ಕೆಲವರನ್ನು ನೆನೆಯಿರಿ: ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಮಹೇಶ, ಕೃಷ್ಣಗಿರಿಯ ರಾಮಮೂರ್ತಿ, ಮಧುರೆಯ ಗಣೇಶನ್, ಕೊಲ್ಲಂನ ಸುಧೀಶ್, ಕರ್ನೂಲಿನ ಮುಷ್ತಾಕ್ ಅಹ್ಮದ್. ಮತ್ತೊಬ್ಬ ಸತಾರಾದ ಸೂರ್ಯವಂಶಿ. ಅವನು ನರ್ಸಿಂಗ್ ಅಸಿಸ್ಟೆಂಟ್. ಮದ್ದು ಕೊಡುವವನು ಎಂದು ಹಿಮ ಅವನನ್ನು ಬಿಡಲಿಲ್ಲ. 1962ರ ನವೆಂಬರ್ 18ರಂದು ರೆಜಾಂಗ್ ಲಾದಲ್ಲಿ 13ನೇ ಕುಮಾಊಂನವರೊಂದಿಗೆ ಸತ್ತ ನರ್ಸಿಂಗ್ ಅಸಿಸ್ಟೆಂಟ್ ಧರ್ಮಪಾಲ್ ದಹಿಯಾ ತಿಂಗಳುಗಳ ನಂತರ ಸಿಕ್ಕಾಗಲೂ ಅವನ ಕೈಯಲ್ಲಿ ಸಿರಿಂಜು, ಬ್ಯಾಂಡೇಜು ಇದ್ದವು. ಅವನಿಗೆ ವೀರಚಕ್ರ ಕೊಟ್ಟರು. ಅವನು ಸೈನಿಕ ಹೌದೋ ಅಲ್ಲವೋ ಎಂದು ಆ ಚಕ್ರ ಕೊಟ್ಟವರು ಕೇಳಲಿಲ್ಲ.

‘ಗುಂಡಿಗೆ ಎದೆ ಒಡ್ಡುವವನೂ ಅನ್ನ ಬೇಯಿಸುವವನೂ ಒಂದೇನಾ?’ ಎಂದು ಇನ್ನೂ ಕೇಳುವವರಿದ್ದಾರೆ. ಅಪಾಯ ಒಂದೇ ಅಲ್ಲ, ಒಪ್ಪುತ್ತೇನೆ. ಹೆಚ್ಚು ಅಪಾಯಕ್ಕೆ ಹೆಚ್ಚು ಪದಕ, ಹೆಚ್ಚು ಭತ್ಯೆ ಕೊಡಿ. ಆದರೆ ಯಾರು ಸೈನಿಕ ಎಂಬುದನ್ನು ಅಪಾಯದ ತಕ್ಕಡಿಯಲ್ಲಿ ತೂಗುವುದಾದರೆ ಯುದ್ಧಕಾಲದಲ್ಲೂ ದೆಹಲಿಯ ಕಚೇರಿಯಲ್ಲಿ ಕೂರುವ ಅಧಿಕಾರಿಯನ್ನು ಏನೆಂದು ಕರೆಯುತ್ತೀರಿ? ಅವನ ಭುಜದ ಪಟ್ಟಿ ನೋಡಿ ಎದ್ದು ನಿಲ್ಲುವವರು, ಗಡಿಠಾಣೆಯ ಒಲೆಯ ಮುಂದೆ ನಿಂತ ನಮ್ಮ ಹುಡುಗನ ಮುಂದೆಯೂ ಎದ್ದು ನಿಲ್ಲಬೇಕು. ಅವನಿಗೂ ಸೇನೆಯ ಮೂಲ ತರಬೇತಿ ಆಗಿರುತ್ತದೆ, ಕೋವಿ ನಡೆಸಲು ಅವನಿಗೂ ಬರುತ್ತದೆ.

ಈ ಮಾತಿಗೆ ಈಗ ಅವಸರವಿದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಜಿ.ಡಿ.ಗೂ ಟ್ರೇಡ್‌ಗೂ ಒಂದೇ ಸಂಬಳ: ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೇ ವರ್ಷ 40,000. ನಾಲ್ಕು ವರ್ಷ ಮುಗಿದ ಮೇಲೆ ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿಯನ್ನು ಉಳಿಸಿಕೊಳ್ಳುತ್ತಾರೆ, ಉಳಿದವರು ಸುಮಾರು 11.71 ಲಕ್ಷದ ಸೇವಾನಿಧಿಯನ್ನೂ ಕಲಿತ ಕೆಲಸದ ಪ್ರಮಾಣಪತ್ರವನ್ನೂ ಹಿಡಿದು ಊರಿಗೆ ಬರುತ್ತಾರೆ. ಊರಿನಲ್ಲಿ ಅನ್ನ ಹುಟ್ಟಿಸುವುದು ಆ ಪ್ರಮಾಣಪತ್ರದಲ್ಲಿರುವ ಕೆಲಸ. ಅದನ್ನು ಹೇಳಿಕೊಳ್ಳಲು ನಾಚುವಂತೆ ಮಾಡಿದರೆ ಆ ಹುಡುಗ ಮತ್ತೆ ಅರಿಶಿನದ ಹೊಲಕ್ಕೋ ತಿರುಪ್ಪೂರಿನ ಬನಿಯನ್ ಕಂಪನಿಗೋ ಹೋಗುತ್ತಾನೆ, ನಾಲ್ಕು ವರ್ಷದ ಕಲಿಕೆ ಮಣ್ಣುಪಾಲಾಗುತ್ತದೆ.

ಭರ್ತಿಯ ಆನ್‌ಲೈನ್ ಪರೀಕ್ಷೆಯನ್ನು ಈಗ ಹದಿಮೂರು ಭಾಷೆಗಳಲ್ಲಿ ಬರೆಯಬಹುದು, ಅವುಗಳಲ್ಲಿ ಕನ್ನಡವೂ ಇದೆ. ಈರೋಡು ಜಿಲ್ಲೆಯವರಾಗಿ ಕೊಯಮತ್ತೂರು ಭರ್ತಿ ಕಚೇರಿಯಡಿ ಬರುವ ನಮ್ಮ ಕನ್ನಡ ಶಾಲೆಗಳ ಹುಡುಗರಿಗೆ ಇದನ್ನು ಯಾರೂ ತಿಳಿಸಿ ಹೇಳುತ್ತಿಲ್ಲ. ದಿಂಬಂ ಘಟ್ಟದ 27 ತಿರುವು ಇಳಿದು ಹೋಗಿ ಕೇಳಿಕೊಂಡು ಬರುವಷ್ಟು ಎಲ್ಲರಿಗೂ ಅನುಕೂಲವಿಲ್ಲ. ಜಿಲ್ಲಾ ಮಾಜಿ ಸೈನಿಕರ ಕಲ್ಯಾಣ ಕಚೇರಿಯವರು ತಾಳವಾಡಿಗೇ ಬಂದು ಕನ್ನಡದಲ್ಲಿ ಹೇಳಬೇಕು, ಹೇಳುವಾಗ ಟ್ರೇಡ್‌ಗಳ ಪಟ್ಟಿಯನ್ನು ಕೊನೆಯ ಪುಟಕ್ಕೆ ತಳ್ಳಬಾರದು. ಸೇನೆ ಮಾಡಬೇಕಾದದ್ದೂ ಒಂದಿದೆ. ಎಂಟನೇ ತರಗತಿ ಓದಿದವನಿಗೆ ಈಗ ತೆರೆದಿರುವುದು ಹೌಸ್‌ಕೀಪರ್ ಮತ್ತು ಮೆಸ್‌ಕೀಪರ್ ಎಂಬ ಎರಡೇ ಬಾಗಿಲು. ಎಂಟಕ್ಕೇ ಓದು ಬಿಟ್ಟ ಬೆಟ್ಟದ ಹುಡುಗ, ಸೋಲಿಗರ ಹುಡುಗ, ಕೇರಿಯ ಹುಡುಗ ಅಲ್ಲಿಗೇ ಹೋಗಿ ನಿಲ್ಲಬೇಕು. ಹತ್ತನೇ ತರಗತಿಯ ಗೋಡೆ ಕಟ್ಟಿ ಮರಗೆಲಸ, ಕಬ್ಬಿಣದ ಕೆಲಸ, ಅಡುಗೆ, ಹೊಲಿಗೆಗಳನ್ನು ಅವನಿಂದ ದೂರ ಇಡುವುದನ್ನು ನಿಲ್ಲಿಸಿ, ಕೈಕೆಲಸದ ಪರೀಕ್ಷೆಯಲ್ಲಿ ಗೆದ್ದರೆ ಆ ಟ್ರೇಡ್‌ಗಳಿಗೂ ಅವನನ್ನು ತೆಗೆದುಕೊಳ್ಳಬೇಕು.